ತಪ್ಪೇ ಮಾಡದೋರ ತೊಂದರೆ

2023 ರ ಜುಲೈ ತಿಂಗಳು ನಮ್ಮ ಕೋಲಾರದ ಕಡೆ ಯಾರಿಗೂ ಮರೆಯೋ ಹಾಗಿಲ್ಲ. ಎಪಿಎಂಸಿ ಮಂಡಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿ ಹೋಗಿತ್ತು. ಅದಕ್ಕೂ ಮುಂಚೆ ಎಷ್ಟೋ ಸಲ ಗಾಡಿ ಬಾಡಿಗೆ ಕೂಡ ಗಿಟ್ಟಲ್ಲ ಅಂತ ಇದೇ ಹಣ್ಣನ್ನ ರೋಡ್ ಪಕ್ಕ ಸುರಿದು ಕೈ ಒರೆಸ್ಕೊಂಡು ಹೋಗಿದ್ದ ಜನ ಆವಾಗ ಟಾರ್ಚ್ ಹಿಡ್ಕೊಂಡು ರಾತ್ರಿಯೆಲ್ಲ ತೋಟ ಕಾಯ್ತಾ ಇದ್ರು. ಆ ತಿಂಗಳ ಒಂದು ಭಾನುವಾರ ನಮ್ಮ ಚರ್ಚಿನ ಸಭೇಲಿ (ಯಾವ ಸಭೆ ಅಂತ ಹೆಸರು ಬೇಡ, ಕೋಲಾರ ತಾಲ್ಲೂಕು ಅಂದ್ರೆ ಸಾಕು) ಸಾಕ್ಷಿ ಹೇಳೋ ಟೈಮಲ್ಲಿ, ಅಂದ್ರೆ ದೇವರು ತಮಗೆ ಮಾಡಿದ ಉಪಕಾರ ಎಲ್ಲರ ಮುಂದೆ ಹೇಳೋ ಹೊತ್ತಲ್ಲಿ, ಒಬ್ಬ ಅಣ್ಣ ಎದ್ದು ನಿಂತ್ರು. ಹನ್ನೆರಡು ವರ್ಷದಿಂದ ದಶಮಾಂಶ (ದುಡಿಮೇಲಿ ದೇವರಿಗೆ ಅಂತ ಕೊಡೋ ಹತ್ತನೇ ಪಾಲು) ಒಂದು ತಿಂಗಳೂ ತಪ್ಪಿಸಿಲ್ಲ, ಭಾನುವಾರ ತೋಟಕ್ಕೆ ಕಾಲಿಟ್ಟಿಲ್ಲ, ಅದಕ್ಕೇ ಕರ್ತರು ನನ್ನ ತೋಟಕ್ಕೆ ಬೇಲಿ ಹಾಕಿ ಕಾಪಾಡಿದ್ರು, ಸುತ್ತಮುತ್ತ ಎಲ್ಲಾ ಎಲೆ ಮುದುರಿ ಹೋದ್ರೂ ನಂದು ಒಂದು ಗಿಡಾನೂ ಮುದುರಲಿಲ್ಲ ಅಂದ್ರು. ಸಭೆಯೆಲ್ಲ ಸ್ತೋತ್ರ ಅಂತು. ಹೆಂಗಸರ ಕಡೆ ಎರಡನೇ ಬೆಂಚಲ್ಲಿ ಆ 'ಸುತ್ತಮುತ್ತ'ದಲ್ಲಿ ಒಬ್ರು ಕೂತಿದ್ರು, ಇವರ ಬದುವಿಗೆ ಅಂಟಿದ ಅರ್ಧ ಎಕರೆ ಅವರದ್ದು, ಬೆಳೆ ಪೂರ್ತಿ ಹೋಗಿತ್ತು. ಡೈರಿ ಬಟವಾಡೆ ಆದ ತಕ್ಷಣ ಹತ್ತರಲ್ಲಿ ಒಂದು ಭಾಗ ಎತ್ತಿಟ್ಟು ಕಾಣಿಕೆ ಕವರಲ್ಲಿ ಹಾಕೋ ಹೆಂಗಸು ಆಕೆ. ಆಕೆಯೂ ಸೆರಗು ಸರಿ ಮಾಡ್ಕೊಂಡು ಸ್ತೋತ್ರ ಅಂದ್ಲು, ಎಲ್ಲರ ಜೊತೆ.

ಅವತ್ತಿಂದ ಇದು ನನ್ನ ತಲೇಲಿ ಕೊರೀತಾನೇ ಇದೆ. ಆ ಅಣ್ಣ ಕೆಟ್ಟವರಾಗಿದ್ರೆ ಇಷ್ಟು ಯೋಚ್ನೆ ಮಾಡ್ತಿರಲಿಲ್ಲ. ಕೊರೊನಾ ಟೈಮಲ್ಲಿ ಮನೆ ಮನೆಗೆ ರೇಷನ್ ಮುಟ್ಟಿಸಿದ್ದು ಅವರೇ, ಯಾರಾದ್ರೂ ತೀರ್ಕೊಂಡ್ರೆ ಗುಂಡಿ ತೋಡ್ಸೋಕೆ ಮೊದಲು ಹೋಗಿ ನಿಲ್ಲೋದು ಅವರೇ. ಸುಳ್ಳೂ ಹೇಳಿಲ್ಲ, ದಶಮಾಂಶದ ರಸೀದಿ ಪುಸ್ತಕ ನೋಡಿದ್ರೆ ಎಲ್ಲಾ ಸರಿಯಾಗೇ ಇರುತ್ತೆ. ಆದ್ರೆ ಎಲೆ ಮುದುರೋ ವೈರಸ್ ಹೊತ್ಕೊಂಡು ಬರೋ ಬಿಳಿ ನೊಣ ಯಾರ ರಸೀದಿ ಪುಸ್ತಕಾನೂ ನೋಡಿ ಕೂರಲ್ಲ ಅನ್ನೋದು ಅವರಿಗೂ ಗೊತ್ತು. ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳಲ್ಲ: ಅವತ್ತು ರೇಟು ಆ ಮಟ್ಟಕ್ಕೆ ಏರಿದ್ದಕ್ಕೆ ಒಂದು ಕಾರಣ ಊರೂರಲ್ಲಿ ಬೆಳೆ ಹೋಗಿ ಮಂಡಿಗೆ ಮಾಲು ಕಮ್ಮಿ ಬಂದಿದ್ದು. ಅಂದ್ರೆ ಎರಡನೇ ಬೆಂಚಿನ ಆ ಹೆಂಗಸಿನ ನಷ್ಟದ ಒಂದು ಪಾಲು ಈ ಅಣ್ಣನ ಆಶೀರ್ವಾದದೊಳಗೇ ಸೇರ್ಕೊಂಡಿತ್ತು.

ಬೈಬಲ್ಲಿನ ಲೂಕ 13 ರಲ್ಲಿ ಸಿಲೋವದ ಬುರುಜು ಬಿದ್ದು 18 ಜನ ಸತ್ತ ಸುದ್ದಿ ಬರುತ್ತಲ್ಲ, ಯೆರೂಸಲೇಮಲ್ಲಿ ಇದ್ದ ಬೇರೆ ಎಲ್ಲರಿಗಿಂತ ಅವರು ಹೆಚ್ಚು ತಪ್ಪು ಮಾಡಿದ್ರು ಅಂದ್ಕೊಂಡಿದ್ದೀರಾ ಅಂತ ಯೇಸುಸ್ವಾಮಿ ಕೇಳಿ, ಇಲ್ಲ ಅಂತ ತಾವೇ ಉತ್ತರ ಹೇಳಿ, ನೀವು ತಿರುಗಿಕೊಳ್ಳದೇ ಹೋದ್ರೆ ಅಂತ ಮಾತನ್ನ ಕೇಳಿಸ್ಕೊಳ್ತಾ ಇದ್ದೋರ ಕಡೆಗೇ ತಿರುಗಿಸಿಬಿಡ್ತಾರೆ. ಸತ್ತೋರ ಲೆಕ್ಕ ಹಾಕೋಕೆ ಬಂದೋರು ತಮ್ಮ ಲೆಕ್ಕ ತಗೊಂಡು ವಾಪಸ್ ಹೋಗಬೇಕಾಯ್ತು. ಈ ಭಾಗವನ್ನ ನಮ್ಮಲ್ಲಿ ಕಷ್ಟಪಟ್ಟೋರನ್ನ ಸಮಾಧಾನ ಮಾಡೋಕೆ ಮಾತ್ರ ಓದ್ತಾರೆ, ಬದುಕಿ ಉಳಿದೋರಿಗೆ ಅಂತ ಓದಿದ್ದು ನಾನಂತೂ ಕೇಳಿಲ್ಲ.

ಊಜಿ ನೊಣ

ನೊಣದ ವಿಷಯ ಬಂತಲ್ಲ, ಇನ್ನೊಂದು ನೊಣದ ಬಗ್ಗೆ ಹೇಳಬೇಕು. ಅಮ್ಮನ ತವರು ಚಿಂತಾಮಣಿ ಕಡೆ, ಅಲ್ಲಿ ಮನೆಯಲ್ಲಿ ಜನಕ್ಕಿಂತ ಹುಳಕ್ಕೆ ಜಾಗ ಜಾಸ್ತಿ. ರೇಷ್ಮೆ ಹುಳ ಸಾಕಿದೋರಿಗೆ ಊಜಿ ಅಂದ್ರೆ ಎದೆ ಝಲ್ ಅನ್ನುತ್ತೆ. ಕರ್ನಾಟಕಕ್ಕೆ ಅದು ಬಂದಿದ್ದು 1980 ರಲ್ಲಿ, ಬಂಗಾಳದ ಕಡೆಯಿಂದ, ಅದಕ್ಕೂ ಮುಂಚೆ ನಮ್ಮ ಜನಕ್ಕೆ ಅದರ ಹೆಸರೇ ಗೊತ್ತಿರಲಿಲ್ಲ. ಪರದೆ ಎಲ್ಲೋ ಒಂದು ಕಡೆ ಹರಿದಿದ್ರೆ ಸಾಕು, ಒಳಗೆ ಬಂದು ಹುಳದ ಮೈ ಮೇಲೆ ಸಾಸಿವೆಗಿಂತ ಸಣ್ಣದಾದ ಒಂದು ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತೆ. ಅದು ಒಡೆದು ಒಳಗಿನ ಮರಿ ಹುಳದ ಚರ್ಮ ಕೊರ್ಕೊಂಡು ಒಳಗೆ ಸೇರ್ಕೊಳ್ಳುತ್ತೆ, ಸೇರಿದ ಜಾಗದಲ್ಲಿ ಒಂದು ಕಪ್ಪು ಚುಕ್ಕಿ, ಅಷ್ಟೇ. ಸಣ್ಣ ಹುಳವಾದ್ರೆ ಗೂಡು ಕಟ್ಟೋಕೆ ಮುಂಚೆನೇ ಸತ್ತು ಹೋಗುತ್ತೆ. ಆದ್ರೆ ನಾಲ್ಕನೇ ಜ್ವರ (ಹುಳ ಪೊರೆ ಬಿಡೋದಕ್ಕೆ ಹಾಗಂತಾರೆ) ಎದ್ದ ಮೇಲೆ, ಕೊನೇ ದಿನಗಳಲ್ಲಿ ಊಜಿ ಕೂತಿದ್ರೆ ಹುಳ ಸೊಪ್ಪು ತಿನ್ನೋದು ಬಿಡಲ್ಲ, ದಪ್ಪ ಆಗುತ್ತೆ, ಹಣ್ಣಾಗುತ್ತೆ, ಗೂಡು ಕಟ್ಟಿಸೋ ಚಂದ್ರಂಕಿಗೆ ಬಿಟ್ರೆ ಎಲ್ಲದರ ಹಾಗೆ ನೂಲು ಬಿಟ್ಟು ಗೂಡು ಕಟ್ಟುತ್ತೆ. ಆಮೇಲೆ ಒಂದು ದಿನ ಒಳಗಿಂದ ಊಜಿ ಮರಿ ಗೂಡನ್ನ ತೂತು ಮಾಡ್ಕೊಂಡು ಹೊರಗೆ ಬೀಳುತ್ತೆ. ತೂತಾದ ಗೂಡಿಂದ ನೂಲು ಬಿಚ್ಚೋಕಾಗಲ್ಲ. ನೋಡೋಕೆ ಗೂಡು ಚೆನ್ನಾಗೇ ಇರುತ್ತೆ, ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ರೀಲರ್ ಕೈಯಲ್ಲಿ ಎತ್ಕೊಂಡು ಒಂದು ಸಲ ತಿರುಗಿಸಿ ನೋಡಿ ಪಕ್ಕಕ್ಕೆ ಎಸೀತಾನೆ.

ಸ್ವನೀತಿ, ಅಂದ್ರೆ ನಾನೇ ನೀತಿವಂತ ಅನ್ನೋ ನಂಬಿಕೆ, ಕೂರೋದು ಹೀಗೇ, ಚೆನ್ನಾಗಿ ಸೊಪ್ಪು ತಿಂತಾ ಇರೋ ಹುಳದ ಮೇಲೆ. ಕುಡಿಯೋನಿಗೆ ತಾನು ಕುಡಿಯೋನು ಅಂತ ಗೊತ್ತು, ಅವನ ಹೆಂಡ್ತಿಗೆ ಗೊತ್ತು, ಊರಿಗೇ ಗೊತ್ತು, ಅವನನ್ನ ಕೂರಿಸಿ ಹೇಳೋಕೆ ಹತ್ತು ಜನ ಇರ್ತಾರೆ. ತಪ್ಪದೇ ಉಪವಾಸ ಮಾಡೋನ ಹತ್ರ ಹೋಗಿ ನಿನ್ನ ಉಪವಾಸದಲ್ಲೇ ಏನೋ ಕೆಟ್ಟಿದೆ ಅಂತ ಹೇಳೋರು ಯಾರು? ಹೇಳಿದ್ರೂ ಅವನು ಅದನ್ನ ಕಿರುಕುಳ ಅಂದ್ಕೊಂಡು ಅದಕ್ಕೂ ಒಂದು ಸಾಕ್ಷಿ ಹೇಳ್ತಾನೆ.

ಸಂಡೇ ಸ್ಕೂಲ್ ನಾಟಕದಲ್ಲಿ ಫರಿಸಾಯನಿಗೆ (ಧರ್ಮಶಾಸ್ತ್ರವನ್ನ ಕಟ್ಟುನಿಟ್ಟಾಗಿ ಪಾಲಿಸ್ತಿದ್ದ ಯೆಹೂದ್ಯ ಗುಂಪಿನವನು) ಹತ್ತಿಯ ಗಡ್ಡ ಅಂಟಿಸಿ, ಬೆಡ್‌ಶೀಟ್ ಸುತ್ತಿಸಿ, ಎದೆ ಉಬ್ಬಿಸಿ ನಡೆಸ್ತಾರೆ, ಮಕ್ಕಳು ನಗ್ತವೆ. ಹಾಗಾಗಿ ನಮಗೆಲ್ಲ ಚಿಕ್ಕಂದಿಂದಲೇ ಅವನು ವಿಲನ್. ಆದ್ರೆ ಲೂಕ 18 ರಲ್ಲಿ ಯೇಸುಸ್ವಾಮಿ ಹೇಳಿದ ಕಥೇಲಿ ಒಬ್ಬ ಫರಿಸಾಯ, ಒಬ್ಬ ಸುಂಕದವನು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗ್ತಾರಲ್ಲ, ಅಲ್ಲಿ ಫರಿಸಾಯ ಹೇಳ್ಕೊಂಡಿದ್ರಲ್ಲಿ ಒಂದೂ ಸುಳ್ಳು ಅಂತ ಕಥೆ ಹೇಳಲ್ಲ. ಧರ್ಮಶಾಸ್ತ್ರ ಉಪವಾಸ ಅಂತ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದು ದಿನ, ದೋಷಪರಿಹಾರದ ದಿನ. ಇವನು ವಾರಕ್ಕೆ ಎರಡು ದಿನ ಮಾಡ್ತಿದ್ದ. ಅವನ ಗುಂಪಿನವರು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತನೇ ಪಾಲು ಲೆಕ್ಕ ಹಾಕಿ ಕೊಡ್ತಿದ್ರು ಅಂತ ಮತ್ತಾಯ 23 ರಲ್ಲೇ ಇದೆ. ಇಂಥೋನು ಇವತ್ತು ನಮ್ಮ ಸಭೆಗೆ ಬಂದ್ರೆ ಮುಂದಿನ ಎಲೆಕ್ಷನ್ನಲ್ಲೇ ಕಮಿಟಿಗೆ ಹಾಕ್ತೀವಿ. ಆ ಕಡೆ ಸುಂಕದವನು ನಿಜವಾಗ್ಲೂ ಕೆಟ್ಟ ಕೆಲಸ ಮಾಡ್ತಿದ್ದೋನೇ, ರೋಮಿನವರ ಪರವಾಗಿ ತನ್ನ ಜನರ ಹತ್ರಾನೇ ವಸೂಲಿ ಮಾಡ್ತಿದ್ದೋನು. ಹೀಗಿದ್ದೂ ಮನೆಗೆ ನೀತಿವಂತನಾಗಿ ಹೋಗಿದ್ದು ಇವನು. ಫರಿಸಾಯನ ಪ್ರಾರ್ಥನೇಲಿ ನನಗೆ ಎದ್ದು ಕಾಣೋದು ಅವನ ಉಪವಾಸ ಅಲ್ಲ, ಕಣ್ಣು ದೇವರ ಕಡೆ ಇರಬೇಕಾದ ಹೊತ್ತಲ್ಲಿ ಹಿಂದೆ ದೂರದಲ್ಲಿ ನಿಂತಿರೋನು ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು ಅನ್ನೋದು.

ತಂದೆಯೇ, ನಿನಗೇ ಗೊತ್ತು

ಬುಧವಾರದ ಮನೆ ಕೂಟಕ್ಕೆ ಹೋದೋರಿಗೆಲ್ಲ ಈ ತರ ಪ್ರಾರ್ಥನೆ ಗೊತ್ತಿರುತ್ತೆ. ದೇವರಿಗೆ ಎಲ್ಲಾ ಗೊತ್ತು ಅಂತ ಶುರು ಮಾಡಿ ಎಲ್ಲಾನೂ ಹೇಳೋದು. ಒಂದು ಕೂಟದಲ್ಲಿ ಹಿರಿಯರೊಬ್ರು ಕಣ್ಣು ಮುಚ್ಚಿ, ತಂದೆಯೇ ನಿನಗೇ ಗೊತ್ತು, ನಿನ್ನ ಮಂದೆಯ ಒಂದು ಹೆಣ್ಣು ಕುರಿ ಲೋಕದ ಕಡೆ ಹೋಗಿಬಿಟ್ಟಿದೆ, ಅನ್ಯರ ಮನೆ ಸೇರಿದೆ, ರಿಜಿಸ್ಟರ್ ಆಫೀಸಲ್ಲಿ ತಾಳಿ ಕಟ್ಟಿಸ್ಕೊಂಡಿದೆ, ಚಿಕ್ಕಂದಿನಲ್ಲಿ ತಂದೆ ತಾಯಿ ಶಿಸ್ತಲ್ಲಿ ಬೆಳೆಸಿದ್ರೆ ಹೀಗಾಗ್ತಿರಲಿಲ್ಲ ತಂದೆಯೇ, ಬೇರೆ ಕುಟುಂಬಗಳಿಗೆ ಇದು ಪಾಠ ಆಗಲಿ ಅಂತ ಪ್ರಾರ್ಥನೆ ಮಾಡಿದ್ರು. ಆ ಹುಡುಗಿಯ ತಾಯಿ ಅದೇ ರೂಮಲ್ಲಿ, ಬೀರು ಪಕ್ಕ, ಚಾಪೆ ತುದೀಲಿ ಕೂತಿದ್ಲು. ಸುತ್ತ ಇದ್ದ ನಾಲ್ಕೈದು ಜನ ಆಮೆನ್ ಆಮೆನ್ ಅಂತಿದ್ರು, ಅವರಲ್ಲಿ ಕೆಲವರಿಗೆ ಹುಡುಗಿ ಮದುವೆ ವಿಷಯ ಗೊತ್ತಾಗಿದ್ದೇ ಆ ಪ್ರಾರ್ಥನೆಯಿಂದ. ಪ್ರಾರ್ಥನೆ ಮುಗೀತು, ಖಾರಾಬೂಂದಿ ಟೀ ಬಂತು. ಆ ತಾಯಿ ಎದ್ದು ಎಲ್ಲರ ಲೋಟ ಎತ್ಕೊಂಡು ಹಿತ್ತಲಿಗೆ ಹೋಗಿ ತೊಳೆದು ಬೋರಲು ಹಾಕಿ, ಮನೆಯವರಿಗೆ ಹೇಳಿ ಹೋದ್ಲು. ಮುಂದಿನ ಬುಧವಾರ ಬರಲಿಲ್ಲ. ಅದರ ಮುಂದಿನ ವಾರ ಒಬ್ಬ ಅಕ್ಕ, 'ಆಕೆ ವಿಶ್ವಾಸದಲ್ಲಿ ಬಿದ್ದೋಗವ್ಳೆ ಅನ್ಸುತ್ತೆ, ಆಕೆ ಹೆಸರೂ ಬರ್ಕೊಳ್ಳಿ' ಅಂತ ಪ್ರಾರ್ಥನೆ ಲಿಸ್ಟಿಗೆ ಸೇರಿಸಿದ್ಲು.

ಹಾಗಾದ್ರೆ ತಪ್ಪನ್ನ ತಪ್ಪು ಅನ್ನಬಾರದಾ ಅಂತ ಕೇಳ್ತಾರೆ, ಕೇಳಲೇಬೇಕು. ಬೈಬಲ್ಲಲ್ಲಿ ದಾರಿ ಇದೆ. ಮತ್ತಾಯ 18:15 ರಲ್ಲಿ ಮೊದಲು ಹೋಗು, ನೀನೂ ಅವನೂ ಇಬ್ಬರೇ ಇರುವಾಗ ಹೇಳು ಅಂತ ಇದೆ. ದಾವೀದ ರಾಜ ಬೇರೆಯವನ ಹೆಂಡ್ತಿ ಬತ್ಷೆಬೆಳನ್ನ ಇಟ್ಕೊಂಡ ವಿಷಯದಲ್ಲಿ ನಾತಾನ ಪ್ರವಾದಿ ದಾವೀದನ ಮುಖದ ಮುಂದೆ ನಿಂತು ಹೇಳಿದ, ರಾಜನ ಬಗ್ಗೆ ಪ್ರಾರ್ಥನೆ ವಿನಂತಿ ಹಂಚಲಿಲ್ಲ. ಎಲ್ಲರ ಮುಂದೆ ಗದರಿಸಿದ ಉದಾಹರಣೆಯೂ ಇದೆ, ಗಲಾತ್ಯ 2 ರಲ್ಲಿ ಪೌಲ ಪೇತ್ರನಿಗೆ ಮಾಡಿದ್ದು. ಆದ್ರೆ ಯಾಕೆ ಮಾಡಿದ? ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದೋರ ಜೊತೆ ಕೂತು ಊಟ ಮಾಡ್ತಿದ್ದೋನು, ಯಾಕೋಬನ ಕಡೆಯ ಯೆಹೂದ್ಯರು ಬಂದ ತಕ್ಷಣ ಹೆದರಿ ಆ ಪಂಕ್ತಿಯಿಂದ ಎದ್ದು ಬೇರೆ ಆಗಿಬಿಟ್ಟ, ಅವನನ್ನ ನೋಡಿ ಬಾರ್ನಬನೂ ಹಾಗೇ ಮಾಡಿದ. ಬೈಸ್ಕೊಂಡಿದ್ದು ಪಂಕ್ತಿಯಿಂದ ಎದ್ದೋನು, ಪಂಕ್ತೀಲಿ ಉಳಿದೋರಲ್ಲ. ನಮ್ಮಲ್ಲಿ ಬೈಗುಳ ಯಾವಾಗ್ಲೂ ಉಲ್ಟಾ ದಿಕ್ಕಲ್ಲೇ ಹೋಗೋದು, ಚಾಪೆ ತುದೀಲಿ ಕೂತಿರೋರ ಕಡೆಗೆ.

ಗಂಜಿ

ಪಂಕ್ತಿ ಅಂದ ಮೇಲೆ ನಮ್ಮೂರ ಹಳೇ ಮನೆತನಗಳ ವಿಷಯ ಹೇಳದೇ ಇರೋಕಾಗಲ್ಲ. 'ನಾವು ನಾಲ್ಕನೇ ತಲೆಮಾರು ಕ್ರೈಸ್ತರು' ಅನ್ನೋದನ್ನ ಮನೆ ಮುಂದೆ ಬೋರ್ಡ್ ಹಾಕಿಲ್ಲ ಅಷ್ಟೇ. ಈಗೀಗ ಹಳ್ಳಿಯಿಂದ ಬರೋರನ್ನ, ಮಗು ಜ್ವರ ಬಿಟ್ಟಿತು ಅಂತಲೋ ಗಂಡ ಕುಡಿತ ಬಿಟ್ಟ ಅಂತಲೋ ಬಂದು ಚಾಪೆ ಮೇಲೆ ಕೂರೋರನ್ನ ನೋಡಿ, 'ಇವರು ಲಾಭಕ್ಕೆ ಬರೋ ಜನ, ಕಷ್ಟ ತೀರಿದ್ರೆ ಹೋಗ್ತಾರೆ' ಅಂತಾರೆ. ಅವರಿಗೆ ಹಾಡು ಪುಸ್ತಕ ಹಿಡಿಯೋಕೆ ಬರಲ್ಲ, ಕಾಣಿಕೆ ಹತ್ತು ರೂಪಾಯಿ ಹಾಕ್ತಾರೆ, ಮಾತಲ್ಲಿ ತೆಲುಗು ಜಾಸ್ತಿ. ಮದುವೆ ಊಟಕ್ಕೆ ಒಂದೇ ಶಾಮಿಯಾನದ ಕೆಳಗೆ ಕೂತ್ರೂ ಯಾರು ಯಾರ ಪಕ್ಕ ಕೂತ್ರು ಅಂತ ನೋಡೋ ಕಣ್ಣು ಇನ್ನೂ ಇದೆ, ಅದು ಯಾವ ಕಣ್ಣು ಅಂತ ಬಿಡಿಸಿ ಹೇಳೋದು ಬೇಡ, ಓದ್ತಾ ಇರೋರಿಗೆ ಗೊತ್ತು.

ಲಾಭಕ್ಕೆ ಬಂದೋರ ಮಾತೇ ಆದ್ರೆ ಕೋಲಾರದ ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತೆ. 1876 ರಿಂದ 78 ರವರೆಗಿನ ಬರ, ನಮ್ಮ ಅಜ್ಜಂದಿರು ಧಾತು ಈಶ್ವರದ ಬರ ಅಂತಿದ್ದದ್ದು. 1871 ರ ಜನಗಣತೀಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ರು, 1881 ರಲ್ಲಿ 42 ಲಕ್ಷದ ಹತ್ರ ಬಂದು ನಿಂತಿತ್ತು. ಊರಿಗೆ ಊರೇ ಖಾಲಿಯಾದ ಆ ಕಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟೆ ಅನ್ನೋ ಇಂಗ್ಲಿಷ್ ಹೆಂಗಸು ಅನಾಥ ಮಕ್ಕಳನ್ನ ಸೇರಿಸಿ ಸಾಕಿದ್ರು. ಆ ಕೆಲಸವೇ 1890 ರಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಕೈಗೆ ಬಂತು, 1910 ರಲ್ಲಿ ಆಸ್ಪತ್ರೆ ಬಂತು, ಈಗಲೂ ಊರವರು ಇಟಿಸಿಎಂ ಅನ್ನೋದು ಅದನ್ನೇ. ಇಲ್ಲಿನ ಹಳೇ ಕ್ರೈಸ್ತ ಮನೆಗಳಲ್ಲಿ ವಂಶ ಹುಡುಕ್ತಾ ಹೋದ್ರೆ ಎಷ್ಟೋ ಕಡೆ ದಾರಿ ಆ ಬರದ ಹತ್ರಾನೇ ನಿಲ್ಲುತ್ತೆ, ಅದರಾಚೆ ಅಪ್ಪ ಯಾರು ಊರು ಯಾವುದು ಅನ್ನೋದೇ ಇಲ್ಲ. ಒಂದು ಮಗು, ಒಂದು ಬಟ್ಟಲು ಗಂಜಿ. ನಾಲ್ಕನೇ ತಲೆಮಾರು ಅನ್ನೋ ಹೆಮ್ಮೆಯ ಮೊದಲನೇ ತಲೆಮಾರು ಅದು. ಅದರಲ್ಲಿ ನಾಚಿಕೆ ಪಡೋ ವಿಷಯ ನನಗೇನೂ ಕಾಣಲ್ಲ, ಹಸಿದ ಮಗೂಗೆ ಗಂಜಿ ಕೊಟ್ಟಿದ್ದಕ್ಕಿಂತ ದೊಡ್ಡ ಸುವಾರ್ತೆ ಆ ವರ್ಷ ಇನ್ನೇನಿತ್ತು? ಆದ್ರೆ ಆ ಬಟ್ಟಲು ಹಿಡಿದೋರ ಮೊಮ್ಮಕ್ಕಳ ಮಕ್ಕಳು ಇವತ್ತು ಬಾಗಿಲಲ್ಲಿ ನಿಂತು, ನೀನು ಯಾತಕ್ಕೆ ಬಂದೆ ಅಂತ ಕೇಳೋದು ನೋಡಿದ್ರೆ ಸಿಟ್ಟು ಬರುತ್ತೆ.

ಪೌಲನಿಗೆ ಇದಕ್ಕಿಂತ ಎಷ್ಟೋ ದೊಡ್ಡ ಪಟ್ಟಿ ಇತ್ತು. ಫಿಲಿಪ್ಪಿ 3 ರಲ್ಲಿ ಬರ್ಕೊಂಡಿದ್ದಾನೆ: ಎಂಟನೇ ದಿನ ಸುನ್ನತಿ, ಬೆನ್ಯಾಮೀನನ ಕುಲ, ಇಬ್ರಿಯರಲ್ಲಿ ಇಬ್ರಿಯ, ಧರ್ಮಶಾಸ್ತ್ರದ ವಿಷಯದಲ್ಲಿ ಫರಿಸಾಯ, ಬೆರಳು ತೋರಿಸೋ ಹಾಗಿಲ್ಲದೋನು. ಅದನ್ನೆಲ್ಲ ಕಸ ಅಂತಾನೆ. ನಾವು ಈ ಭಾಗ ಓದುವಾಗ ಅವನ ಪಾಪಗಳನ್ನ ಕಸ ಅಂದ ಹಾಗೆ ಓದಿಬಿಡ್ತೀವಿ, ಅವನು ಕಸ ಅಂದಿದ್ದು ಅವನ ಸರ್ಟಿಫಿಕೇಟುಗಳನ್ನ.

ಉಪವಾಸ ಬಿಡದ ವೆಸ್ಲಿ

ಮೆಥಡಿಸ್ಟ್ ಹೆಸರು ಬಂತಲ್ಲ, ಅದು ಮೊದಲಿಗೆ ಅಡ್ಡಹೆಸರು. ಆಕ್ಸ್‌ಫರ್ಡಲ್ಲಿ ಜಾನ್ ವೆಸ್ಲಿ, ತಮ್ಮ ಚಾರ್ಲ್ಸ್, ಇನ್ನೂ ಕೆಲವರು ಎಲ್ಲದಕ್ಕೂ ಟೈಮ್‌ಟೇಬಲ್ ಹಾಕ್ಕೊಂಡು ಬದುಕ್ತಿದ್ದದ್ದನ್ನ ನೋಡಿ ಉಳಿದ ಹುಡುಗರು ಆಡ್ಕೊಂಡು ನಕ್ಕು ಇಟ್ಟಿದ್ದು. ಬುಧವಾರ ಶುಕ್ರವಾರ ಉಪವಾಸ, ಜೈಲಿಗೆ ಹೋಗಿ ಕೈದಿಗಳನ್ನ ನೋಡೋದು, ಬಡವರಿಗೆ ಕೊಡೋದು, ಡೈರಿ ಬರೆದು ತನ್ನನ್ನ ತಾನೇ ತಪಾಸಣೆ ಮಾಡ್ಕೊಳ್ಳೋದು. 1735 ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ, ಅಲ್ಲಿನ ಮೂಲನಿವಾಸಿಗಳಿಗೆ ಸುವಾರ್ತೆ ಹೇಳ್ತೀನಿ ಅಂತ. ದಾರೀಲಿ ಬಿರುಗಾಳಿಗೆ ಹಡಗು ಅಲ್ಲಾಡಿ ಎಲ್ಲರೂ ಕಿರುಚಾಡುವಾಗ ಜರ್ಮನಿಯ ಮೊರೇವಿಯನ್ ಅನ್ನೋ ಕ್ರೈಸ್ತ ಪಂಗಡದ ಜನ ಮಕ್ಕಳು ಮರಿ ಸಮೇತ ಹಾಡ್ತಾನೇ ಕೂತಿದ್ರು, ಇವನಿಗೆ ಮಾತ್ರ ಸಾಯೋ ಭಯ. ಎರಡು ವರ್ಷ ಆದ ಮೇಲೆ ವಾಪಸ್ ಬರುವಾಗ, ಬೇರೆಯವರನ್ನ ತಿರುಗಿಸೋಕೆ ಹೋದ ನಾನೇ ದೇವರ ಕಡೆ ತಿರುಗಿರಲಿಲ್ಲ ಅನ್ನೋ ಅರ್ಥದಲ್ಲಿ ಬರ್ಕೊಂಡ. 1738 ರ ಮೇ 24 ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಲ್ಲಿ ಹೋಗಿ ಕೂತ, ಅಲ್ಲಿ ಯಾರೋ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದ್ತಿದ್ರು. ಅವತ್ತು ಅವನ ಎದೆ ಬೆಚ್ಚಗಾಯ್ತು ಅನ್ನೋದು ಎಲ್ಲರೂ ಹೇಳೋ ಕಥೆ.

ಎಲ್ಲರೂ ಹೇಳದೇ ಇರೋದು, ಅದಾದ ಮೇಲೂ ವೆಸ್ಲಿ ಉಪವಾಸ ಬಿಡಲಿಲ್ಲ, ಜೈಲಿಗೆ ಹೋಗೋದು ಬಿಡಲಿಲ್ಲ, ಬೆಳಿಗ್ಗೆ ನಾಲ್ಕಕ್ಕೆ ಏಳೋದು ಬಿಡಲಿಲ್ಲ. ಸ್ವನೀತಿ ಬೇಡ ಅಂದ ತಕ್ಷಣ ನಮ್ಮ ಹುಡುಗರು, 'ಹಂಗಾದ್ರೆ ಹೆಂಗ್ ಬೇಕಾದ್ರೂ ಇರ್ಬೋದಾ ಅಣ್ಣ, ಎಲ್ಲಾ ಕೃಪೆನಾ' ಅಂತಾರಲ್ಲ, ಅದಕ್ಕೆ ನನ್ನ ಹತ್ರ ಇರೋ ಉತ್ತರ ಇದೊಂದೇ. ಮಾಡೋ ಕೆಲಸ ಅದೇ ಇತ್ತು, ಅದನ್ನ ದೇವರ ಮುಂದೆ ಬಿಲ್ಲು ಮಾಡಿ ಇಡೋದು ನಿಂತಿತ್ತು. ಟೊಮ್ಯಾಟೊ ಅಣ್ಣ ದಶಮಾಂಶ ನಿಲ್ಲಿಸಬೇಕು ಅಂತ ನಾನು ಹೇಳ್ತಾ ಇಲ್ಲ. ಲೂಕ 15 ರಲ್ಲಿ ಚಿಕ್ಕ ಮಗ ದಾರಿ ತಪ್ಪಿ ಹೋಗಿ ವಾಪಸ್ ಬಂದಿದ್ದಕ್ಕೆ ತಂದೆ ಹಬ್ಬ ಮಾಡೋ ಕಥೆ ಇದೆಯಲ್ಲ, ಅದರ ದೊಡ್ಡ ಮಗ ಹೊಲದ ಕೆಲಸ ಬಿಡಬೇಕು ಅಂತ ತಂದೆಯೂ ಹೇಳಲಿಲ್ಲ. ಅವನ ಬಾಯಲ್ಲಿ ಬಂದಿದ್ದು ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅನ್ನೋ ಮಾತು, ಮನೆ ಮಗ ಕೂಲಿ ಲೆಕ್ಕ ತೆಗೆದಿದ್ದ. ತಂದೆ ಹೊರಗೆ ಬಂದು ಬೇಡ್ಕೊಂಡಿದ್ದು ಅವನನ್ನೇ ಅನ್ನೋದನ್ನ ನಾವು ಸರಿಯಾಗಿ ಗಮನಿಸಲ್ಲ. ತಪ್ಪಿ ಹೋದೋನಿಗೋಸ್ಕರ ಓಡಿ ಹೋದ ತಂದೆ, ತಪ್ಪದೇ ಇದ್ದೋನಿಗೋಸ್ಕರಾನೂ ಹಬ್ಬ ಬಿಟ್ಟು ಎದ್ದು ಬಂದ.

ಹೊಸ ಅಯ್ಯನೋರ ರೂಲ್ಸು

ಹೋದ ವರ್ಷ ಟ್ರಾನ್ಸ್‌ಫರ್ ಆಗಿ ನಮ್ಮ ಸಭೆಗೆ ಹೊಸ ಅಯ್ಯನೋರು (ಪಾಸ್ಟರ್) ಬಂದ್ರು, ವಯಸ್ಸು ಚಿಕ್ಕದು, ಮಾತು ಕಮ್ಮಿ. ಕೂಟಕ್ಕೆ ಒಂದೆರಡು ವಾರ ಬಂದು ಸುಮ್ನೆ ಕೂತು ಕೇಳಿಸ್ಕೊಂಡ್ರು. ಆಮೇಲೆ ಒಂದು ರೂಲ್ ಮಾಡಿದ್ರು: ಇಲ್ಲಿ ಇಲ್ಲದೋರ ಹೆಸರು, ಅವರೇ ಕೇಳ್ಕೊಂಡಿದ್ರೆ ಹೊರತು, ಎತ್ತಬಾರದು. ನಿಮ್ಮ ನಿಮ್ಮ ಅಗತ್ಯಕ್ಕೆ ಪ್ರಾರ್ಥನೆ ಮಾಡಿ. ಇರೋರ ಹೆಸರೂ ಅವರು ಬಾಯಿಬಿಟ್ಟು ಕೇಳಿದ್ರೆ ಮಾತ್ರ. ಮೊದಲನೇ ವಾರ ಯಾರೂ ಬಾಯಿ ಬಿಡಲಿಲ್ಲ, ಅರ್ಧ ಗಂಟೆ ಮಾಡ್ತಿದ್ದೋರಿಗೆ ಎರಡು ನಿಮಿಷಕ್ಕೆ ಮಾತೇ ಸಿಗಲಿಲ್ಲ. ಮೆಲ್ಲಮೆಲ್ಲಗೆ ಬಂತು: ಒಬ್ರು ಶುಗರ್ ಜಾಸ್ತಿ ಆಗಿದೆ ಅಂದ್ರು, ಒಬ್ರು ಸಂಘದ ಕಂತು ಕಟ್ಟೋಕಾಗ್ತಿಲ್ಲ ಅಂದ್ರು, ಒಬ್ಬ ಅಜ್ಜಿ ಸೊಸೆ ಜೊತೆ ನನ್ನ ಬಾಯಿ ಸುಮ್ನಿರಲ್ಲ ತಂದೆ ಅಂದ್ಲು, ಎಲ್ಲಾರೂ ಕಣ್ಣು ಮುಚ್ಕೊಂಡೇ ನಕ್ಕರು. ಕೂಟಕ್ಕೆ ಬರೋರು ಮಾತ್ರ ಕಮ್ಮಿ ಆದ್ರು. ಆತ್ಮದ ಬಲ ಹೋಯ್ತು ಅಂತ ಕೆಲವರು ಬೇರೆ ಕಡೆ ಹೋಗೋಕೆ ಶುರು ಮಾಡಿದ್ರು. ಲೋಟ ತೊಳೆದು ಹೋದ ಆ ತಾಯಿ ಹತ್ರ ಅಯ್ಯನೋರು ಹೋಗಿ ಬಂದ್ರು, ಆಕೆ ಕಾಫಿ ಕೊಟ್ಟು ಮೊಮ್ಮಗೂನ ಎತ್ಕೊಂಡು ಬಂದು ತೋರಿಸಿದ್ಲಂತೆ. ಸಭೆಗೆ ಇನ್ನೂ ಬಂದಿಲ್ಲ, ಬರ್ತಾಳೆ ಅಂತ ನನಗೇನೂ ಅನ್ಸಲ್ಲ.

ಮೊನ್ನೆ ಕೂಟ ಮುಗಿದ ಮೇಲೆ, ಲಿಸ್ಟಿಗೆ ಹೆಸರು ಸೇರಿಸಿದ್ದ ಅದೇ ಅಕ್ಕ ಬಂಗಾರಪೇಟೆಯಲ್ಲಿ ನೆಂಟರ ಮನೆ ಕೂಟಕ್ಕೆ ಹೋಗಿದ್ದ ಕಥೆ ಹೇಳ್ತಿದ್ರು. 'ಅಯ್ಯೋ ಅಲ್ಲಿ ಇನ್ನೂ ಹೆಸರು ಹಿಡ್ಕೊಂಡು ಪ್ರಾರ್ಥನೆ ಮಾಡ್ತಾರೆ ಅಯ್ಯನೋರೆ, ಕೇಳೋಕಾಗಲ್ಲ. ದೇವರಿಗೆ ಸ್ತೋತ್ರ, ನಮ್ಮ ಸಭೇಲಿ ಅಂಥೋರು ಯಾರೂ ಇಲ್ಲ' ಅಂದ್ರು. ಅಯ್ಯನೋರು ಅವರ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು, ಆಮೇಲೆ ಬೂಂದಿ ತಟ್ಟೆ ಅವರ ಕಡೆ ತಳ್ಳಿ, 'ತಗೊಳ್ಳಿ ಅಕ್ಕ' ಅಂದ್ರು.